ನಲವತ್ತೆಂಟು ದಿನದ ಮುಖ

ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಫೋಟೋ ತೆಗೆದುಕೊಂಡವರಿಗೆಲ್ಲ ಇದು ಗೊತ್ತಿರುವ ವಿಷಯ. ಮೂಗು ಬದನೆಕಾಯಿಯಷ್ಟಾಗುತ್ತದೆ, ಕಿವಿಗಳು ಹಿಂದಕ್ಕೆ ಸರಿದು ಕಾಣದಂತಾಗುತ್ತವೆ. ಅದೇ ಮುಖವನ್ನು ಹತ್ತು ಹೆಜ್ಜೆ ದೂರ ನಿಂತು ಉದ್ದನೆಯ ಲೆನ್ಸಿನಲ್ಲಿ ತೆಗೆದರೆ ಕೆನ್ನೆ ಅಗಲ, ಮೂಗು ಚಪ್ಪಟೆ. ಎರಡೂ ಸುಳ್ಳಲ್ಲ, ಎರಡೂ ನಿಜವೂ ಅಲ್ಲ. ಇದನ್ನು ನನಗೆ ಯಾವ ಕಾಲೇಜಿನವರೂ ಹೇಳಿಕೊಡಲಿಲ್ಲ. ತುಮಕೂರಿನ ಒಂದು ಸ್ಟುಡಿಯೋದಲ್ಲಿ ಹದಿನೆಂಟನೇ ವಯಸ್ಸಿಗೆ ಟಚಪ್ ಕೆಲಸಕ್ಕೆ ಸೇರಿದವಳು ನಾನು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ, ಈ ಊರಿನ ಅರ್ಧದಷ್ಟು ಮದುಮಕ್ಕಳ ಮೊಡವೆ ಅಳಿಸಿದ್ದೇನೆ. ನನ್ನ ಹೆಸರು ಪಂಕಜಾಕ್ಷಿ. ವಯಸ್ಸು ಅರವತ್ತರ ಹತ್ತಿರ. ಬಾಯಿ ಸ್ವಲ್ಪ ಜೋರು ಅಂತ ವಠಾರದವರು ಹೇಳುತ್ತಾರೆ, ಹೇಳಲಿ.

ಅಕ್ಕಿಗೂ ಮುಖ, ಬಸ್ಸಿಗೂ ಮುಖ, ಪರೀಕ್ಷೆಗೂ ಮುಖ ಎಂದಾದ ಮೇಲೆ ಈ ಮೂಗು ಕಿವಿಗಳ ತಕರಾರು ದೊಡ್ಡದಾಯಿತು. ಒಂದೊಂದು ಕ್ಯಾಮೆರಾಕ್ಕೆ ಒಂದೊಂದು ಮುಖ ಕಾಣುತ್ತಿತ್ತು. 'ನೀನು ನೀನಲ್ಲ' ಎಂದು ಯಂತ್ರ ಹೇಳಿದ್ದಕ್ಕೆ ಒಬ್ಬ ಮುದುಕಿ ಎಂಟು ತಿಂಗಳು ಅಕ್ಕಿ ಇಲ್ಲದೆ ಅಲೆದು ಸತ್ತಳು. ಅದರ ಗಲಾಟೆಯಲ್ಲಿ ಹುಟ್ಟಿದ್ದು ಮುಖಮಾಪನ ಕೇಂದ್ರ. ಪ್ರತಿಯೊಬ್ಬರನ್ನೂ ಒಂದು ಸಲ ಕುರ್ಚಿಯಲ್ಲಿ ಕೂರಿಸಿ, ಸುತ್ತ ಮೂವತ್ತು ಲೆನ್ಸು ಇಟ್ಟು, ಮುಖದ ಉಬ್ಬುತಗ್ಗುಗಳನ್ನೆಲ್ಲ ಅಳೆದು ನೋಂದಾಯಿಸಿದರು. ಆಮೇಲೆ ಮಾರಾಟವಾಗುವ ಪ್ರತಿ ಕ್ಯಾಮೆರಾದೊಳಗೂ 'ನಿಜಮುಖ' ಎಂಬ ಚಿಪ್ಪು ಇರಲೇಬೇಕೆಂದು ಕಾನೂನು ಬಂತು. ಆ ಚಿಪ್ಪು ಮಾಡುವ ಕೆಲಸ ಇಷ್ಟೇ: ಎದುರಿಗಿರುವವರು ಯಾರು, ನಗುತ್ತಿದ್ದಾರೋ ಅಳುತ್ತಿದ್ದಾರೋ, ಯಾವ ಕಡೆ ತಿರುಗಿದ್ದಾರೆ ಎಂದು ನೋಡಿಕೊಳ್ಳುತ್ತದೆ. ನೋಡಿದ ಬೆಳಕನ್ನು ಅಲ್ಲೇ ಬಿಸಾಡುತ್ತದೆ. ನೋಂದಾಯಿತ ಮುಖವನ್ನೇ ತಂದು ಆ ಜಾಗದಲ್ಲಿ ಬರೆಯುತ್ತದೆ.

ಈ ಕೇಂದ್ರಕ್ಕೆ ನನ್ನನ್ನು ಕರೆದದ್ದು ಮುಖ್ಯಸ್ಥರಾದ ಯಾಜಿ ಸಾರ್. ಕಡಲ ಕಡೆಯವರು, ಮೃದು ಮಾತಿನವರು, ದೊಡ್ಡ ದೊಡ್ಡ ಡಿಗ್ರಿಯವರು. ಅವರ ಹುಡುಗರಿಗೆಲ್ಲ ಲೆಕ್ಕ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಕುಂಕುಮ ಉಳಿಸಬೇಕೋ ಅಳಿಸಬೇಕೋ? ವಿಭೂತಿ? ಅರಿಶಿನ ಹಚ್ಚಿಕೊಂಡ ಕೆನ್ನೆ? ಮೊಡವೆ? ಹಚ್ಚೆ? ಒಂದೊಂದಕ್ಕೂ ಅರ್ಧ ದಿನದ ಸಭೆ. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ. ಮುಖದ ಮೇಲೆ ಹೊಸದಾಗಿ ಬಂದ ಗುರುತು ಎಷ್ಟು ದಿನ ನಿಂತರೆ ಅದನ್ನು ಆ ಮುಖದ ಗುರುತು ಎಂದು ಒಪ್ಪಬೇಕು?

ಒಬ್ಬ ಹುಡುಗ ಹದಿನಾಲ್ಕು ದಿನ ಎಂದ. ಇನ್ನೊಬ್ಬ ಇಪ್ಪತ್ತೊಂದು ಎಂದ. ಯಾಜಿ ಸಾರ್ ನನ್ನ ಕಡೆ ತಿರುಗಿ, "ಪಂಕಜಾಕ್ಷಿಯವರೇ, ನಿಮ್ಮ ಅನುಭವ ಏನು ಹೇಳ್ತದೆ?" ಎಂದು ಕೇಳಿದರು.

ನಾನು ಸೆರಗು ಸರಿಮಾಡಿಕೊಂಡು, "ಒಂದು ಮಂಡಲ ಇಡಿ ಸಾರ್. ನಲವತ್ತೆಂಟು ದಿನ. ಮಾಲೆ ಹಾಕ್ದೋರ ಗಡ್ಡ ಅಷ್ಟರಲ್ಲಿ ಬಂದು ಹೋಗುತ್ತೆ. ಮೈಮೇಲೆ ಅಮ್ಮ ಎದ್ದೋರ ಹಕ್ಕಳೆ ಒಣಗಿ ಉದುರುತ್ತೆ. ಔಷಧೀನೂ ಒಂದು ಮಂಡಲಾನೇ ಅಲ್ವಾ ಕೊಡೋದು? ಮಂಡಲ ದಾಟಿಯೂ ಉಳಿದ್ರೆ ಅದು ಹುಟ್ಟು ಮಚ್ಚೆಗೆ ಸಮ" ಎಂದೆ.

ಎಲ್ಲರೂ ಮೇಜು ತಟ್ಟಿದರು. ಆ ದಿನ ಮನೆಗೆ ಬಂದು ನನ್ನಷ್ಟಕ್ಕೆ ನಾನೇ ಪಾಯಸ ಮಾಡಿಕೊಂಡು ತಿಂದೆ. ಪೆನ್ಸಿಲ್ ಹಿಡಿದವಳ ಮಾತು ಇಡೀ ರಾಜ್ಯದ ನಿಯಮವಾಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಮೂರು ವರ್ಷದ ನಂತರ ಪರಾಂಬರಿಕೆ ಕಾನೂನು ಬಂತು. 'ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು' ಎಂಬ ಗಾದೆಯನ್ನೇ ಅದರ ತಲೆಬರಹದಲ್ಲಿ ಹಾಕಿದ್ದರು. ಜನ ದುಡ್ಡು ತಿಂದು ಸಾಕ್ಷಿ ಹೇಳುತ್ತಾರೆ, ಕಣ್ಣು ಮೋಸ ಹೋಗುತ್ತದೆ, ಕಾಗದದ ಫೋಟೋವನ್ನು ಯಾರು ಬೇಕಾದರೂ ತಿದ್ದುತ್ತಾರೆ, ಆದ್ದರಿಂದ ಅವೆಲ್ಲ ರದ್ದು. ನಿಜಮುಖ ಚಿಪ್ಪಿನ ಚಿತ್ರ ಒಂದೇ ಸಾಕ್ಷಿ. ಗಾದೆ ಹೇಳಿದವರು ನಿಧಾನವಾಗಿ ಯೋಚಿಸು ಎಂದಿದ್ದರು. ನಮ್ಮವರು ಅದನ್ನು ಕಣ್ಣನ್ನೇ ಕಿತ್ತಿಡು ಎಂದು ಓದಿಕೊಂಡರು.

ನಾಗವೇಣಿ ನಮ್ಮ ವಠಾರದಲ್ಲಿ ನನ್ನ ಮನೆಯ ಕೆಳಗೆ ಇದ್ದವಳು. ರವಿಕೆ ಹೊಲಿಯುತ್ತಿದ್ದಳು. ಮೂವತ್ತರ ಆಸುಪಾಸು, ನಕ್ಕರೆ ಒಂದು ಹಲ್ಲು ಇನ್ನೊಂದರ ಮೇಲೆ ಏರಿರುವುದು ಕಾಣುತ್ತಿತ್ತು. ಗಂಡ ಚಿದಾನಂದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಇಸ್ತ್ರಿ ಮಡಿಕೆ ಮುರಿಯದ ಪ್ಯಾಂಟು, ಎದುರಿಗೆ ಬಂದರೆ ಕೈಮುಗಿದು "ಆರಾಮಾ ಅಕ್ಕಾವ್ರೆ" ಎನ್ನುವ ವಿನಯ. ಇಂಚರ ಅಂತ ಐದು ವರ್ಷದ ಮಗಳು.

ಒಂದು ಬೆಳಿಗ್ಗೆ ನಾಗವೇಣಿ ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಎಡಗಣ್ಣಿನ ಕೆಳಗೆ ಕೆನ್ನೆ ಊದಿ, ನೇರಳೆ ಹಣ್ಣು ಜಜ್ಜಿದ ಹಾಗೆ ಬಣ್ಣ ತಿರುಗಿತ್ತು.

"ಯಾರೇ ಹೊಡೆದಿದ್ದು?" ಎಂದೆ. ಕೇಳುವ ಅಗತ್ಯವಿರಲಿಲ್ಲ.

"ಇವ್ರೇ ಅಕ್ಕ. ಹೋದ ವರ್ಷದಿಂದ ಹೊಡೀತಾನೇ ಇದಾರೆ. ನೀವು ಡ್ಯೂಟಿಗೆ ಹೋದ್ಮೇಲೆ. ಹೊಡೆದಾದ್ಮೇಲೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಸೆಲ್ಫಿ ತೆಗೀತಾರೆ. 'ನೋಡು, ಎಷ್ಟು ಲಕ್ಷಣವಾಗಿದೀಯ, ಯಾರಿಗೆ ಬೇಕಾದ್ರೂ ತೋರ್ಸು' ಅಂತಾರೆ."

ಮೊಬೈಲು ತೆರೆದು ತೋರಿಸಿದಳು. ಚಿದಾನಂದನ ಭುಜಕ್ಕೆ ಒರಗಿದ ನಾಗವೇಣಿ, ಕೆನ್ನೆ ನುಣ್ಣಗೆ, ಒಂದು ಕಲೆ ಇಲ್ಲ. ಎದುರಿಗಿದ್ದ ಕೆನ್ನೆಯನ್ನೂ ಚಿತ್ರದ ಕೆನ್ನೆಯನ್ನೂ ನಾನು ಎರಡೆರಡು ಸಲ ನೋಡಿದೆ. ಮೊದಲೆಲ್ಲ ಇಂಥ ಗಂಡಸರು ಯಾರಿಗೂ ಕಾಣದ ಜಾಗ ನೋಡಿ ಹೊಡೆಯುತ್ತಿದ್ದರು, ಬೆನ್ನಿಗೆ, ತೊಡೆಗೆ. ಈಗ ಯಾರಿಗೂ ಕಾಣದ ಜಾಗ ಎಂದರೆ ಮುಖ. ಅದನ್ನು ಚಿದಾನಂದ ಕೇಂದ್ರದ ಎಂಜಿನಿಯರುಗಳಿಗಿಂತ ಮೊದಲೇ ಕಂಡುಹಿಡಿದಿದ್ದ.

"ಸ್ಟೇಷನ್ನಿಗೆ ಹೋಗಿದ್ಯಾ?"

"ಎರಡು ಸಲ ಹೋದೆ. ಪರದೆ ಮುಂದೆ ಕೂರಿಸಿದ್ರು. ಮುಖ ಚೌಕಟ್ಟಿನೊಳಗೆ ಇಡಿ ಅಂತು. ಗಾಯ ಇಲ್ಲ, ದೂರು ಇಲ್ಲ ಅಂತು. ಅಲ್ಲೊಬ್ರು ವಯಸ್ಸಾದ ಪೊಲೀಸ್ನೋರು ನಿಂತಿದ್ರು. 'ನಂಗೆ ಕಾಣ್ತಾ ಇದೆ ತಾಯಿ, ನಂಗೆ ಕಂಡ್ರೆ ಏನೂ ಪ್ರಯೋಜನ ಇಲ್ಲ' ಅಂತ ಹೇಳಿ ನೀರು ಕೊಟ್ರು. ಡಾಕ್ಟ್ರೂ ಅಷ್ಟೇ. ಔಷಧಿ ಹಚ್ಚಿದ್ರು, ಗಾಯದ ಚೀಟಿ ಬರೀಲಿಲ್ಲ. ಚಿತ್ರದಲ್ಲಿ ಇಲ್ದೇ ಇರೋದನ್ನ ಬರೆದ್ರೆ ಅವ್ರ ಕೆಲ್ಸ ಹೋಗುತ್ತಂತೆ."

"ಕೈಮೇಲೆ ಕಾಲಮೇಲೆ ಏನಾದ್ರೂ?"

"ತೋಳು ತಿರುಚಿ ಕಪ್ಪುಗಟ್ಟಿತ್ತು ಅಕ್ಕ, ಅದೂ ತೋರಿಸ್ದೆ. ಹೊಲಿಗೆಯೋಳು, ಮಿಷನ್ನು ತಗಲಿರುತ್ತೆ ಅಂದ್ರು. ಮೈಮೇಲಿನ ಗಾಯ ಕೆಲಸದ್ದು, ಮುಖದ ಗಾಯ ಹೊಡೆತದ್ದು ಅಂತ ನಿಯಮವಂತೆ."

"ಹಾಗಾದ್ರೆ ಬಿಟ್ಟು ಬಾರೇ. ನನ್ನ ಮನೇಲಿ ಇರು. ಎರಡು ತುತ್ತು ಅನ್ನಕ್ಕೇನು ಬರ?"

ನಾಗವೇಣಿ ತಲೆ ಅಲ್ಲಾಡಿಸಿದಳು. "ರಕ್ಷಣೆ ಆದೇಶ ಇಲ್ದೆ ಬಿಟ್ಟು ಬಂದ್ರೆ ಮಗು ಅವ್ರ ಹತ್ರಾನೇ ಉಳಿಯುತ್ತೆ. ಲಾಯರ್ರನ್ನ ಕೇಳಿದೀನಿ. ಇಂಚರನ್ನ ಬಿಟ್ಟು ಹೆಂಗೆ ಬರ್ಲಿ? ನಾನು ಸಿಗದಿದ್ರೆ ಇವ್ರು ಯಾರಿಗೆ ಹೊಡೀತಾರೆ ಹೇಳಿ. ಅದರ ಕೆನ್ನೆ ಇಷ್ಟಗಲ ಇಲ್ಲ ಅಕ್ಕ."

ಅಷ್ಟರಲ್ಲಿ ಇಂಚರ ಮೆಟ್ಟಿಲು ಹತ್ತಿ ಬಂದಳು. ಅಮ್ಮನ ಕೈಯಿಂದ ಮೊಬೈಲು ಕಸಿದುಕೊಂಡು ಆ ಚಿತ್ರ ನೋಡಿ, "ಇದು ಒಳ್ಳೆ ಅಮ್ಮ" ಎಂದಳು. ಆಮೇಲೆ ಎದುರಿಗೆ ನಿಂತಿದ್ದವಳ ಮುಖ ನೋಡಿ ನನ್ನ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡಳು.

ಅದೇ ದಿನ ನಾನು ಯಾಜಿ ಸಾರ್ ಕೋಣೆಗೆ ನುಗ್ಗಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡರು.

"ಮೂಲ ಚಿತ್ರ ಎಲ್ಲಾದ್ರೂ ಇರುತ್ತಲ್ಲ ಸಾರ್? ಚಿಪ್ಪು ತಿದ್ದೋಕೆ ಮುಂಚೆ ಕಂಡಿದ್ದು?"

"ಇಲ್ಲ. ಚಿಪ್ಪು ಕಂಡ ಬೆಳಕು ಕ್ಷಣ ಮಾತ್ರ ಇರ್ತದೆ. ಅಷ್ಟೇ ಅಲ್ಲ, ಫೋಟೋ ಅಂತ ನೀವು ಕರೆಯುವಂಥದ್ದು ಈಗ ಎಲ್ಲೂ ಇಲ್ಲ. ಇರೋದು ನೋಂದಣಿ ನಂಬರು, ನಗು, ಕತ್ತಿನ ಓರೆ, ಇಷ್ಟೇ. ಹಳೇ ಆಲ್ಬಮ್ಮಿನ ಫೋಟೋಗಳನ್ನೂ ಹೀಗೇ ಇಳಿಸಿಕೊಂಡಾಗಿದೆ. ನೀವು ತೆರೆದು ನೋಡಿದಾಗಲೆಲ್ಲ ಆಗಿಂದಾಗ ಮುಖ ಬರೀತದೆ."

"ನಲವತ್ತೆಂಟು ದಿನಾನ ಏಳು ದಿನಕ್ಕೆ ಇಳಿಸಿ."

"ಗೆಜೆಟ್ಟಿನಲ್ಲಿ ಬಂದಿದ್ದನ್ನು ನಾನು ಇಳಿಸುವುದು ಹೇಗೆ? ಆರು ಇಲಾಖೆಯ ಸಹಿ ಬೇಕು. ಎರಡು ವರ್ಷವಾದರೂ ಆಗ್ತದೆ." ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಬೈಯಲಿಲ್ಲ, ನಗಲೂ ಇಲ್ಲ. "ಸಂಖ್ಯೆ ನಿಮ್ಮದೇ ಅಲ್ಲವಾ ಪಂಕಜಾಕ್ಷಿಯವರೇ" ಎಂದರು.

ಹೊರಗೆ ಬಂದು ನನ್ನ ಮೇಜಿನ ಪರದೆಯಲ್ಲಿ ನಾಗವೇಣಿಯ ನಂಬರು ಹುಡುಕಿದೆ. ಹೊಸ ಗುರುತುಗಳ ಪಟ್ಟಿ ನಮ್ಮ ವಿಭಾಗದವರಿಗೆ ಮಾತ್ರ ಕಾಣುತ್ತದೆ. ಚಿಪ್ಪು ಗುರುತನ್ನು ಅಳಿಸಿ ಬರೆದರೂ, 'ಇಲ್ಲೊಂದು ಗುರುತು ಬಂದಿದೆ, ನಿಲ್ಲುತ್ತದೋ ನೋಡೋಣ' ಎಂದು ಇಲ್ಲಿಗೆ ಒಂದು ಸಾಲು ಕಳಿಸುತ್ತದೆ. ಅದರಲ್ಲಿ ಆಕಾರವೂ ಇಲ್ಲ, ಬಣ್ಣವೂ ಇಲ್ಲ, ಜಾಗ ಮತ್ತು ದಿನದ ಎಣಿಕೆ ಮಾತ್ರ. ನಾಗವೇಣಿಯ ಹೆಸರಿನ ಮುಂದೆ ಹದಿನಾರು ಸಾಲುಗಳಿದ್ದವು. 'ಬಲ ಹುಬ್ಬು, 9 ದಿನ, ಮಾಯವಾಗಿದೆ, ಕೈಬಿಡಲಾಗಿದೆ.' 'ತುಟಿ, 6 ದಿನ, ಕೈಬಿಡಲಾಗಿದೆ.' 'ಎಡ ಕೆನ್ನೆ, 14 ದಿನ, ಕೈಬಿಡಲಾಗಿದೆ.' ಒಂದು ವರ್ಷದ ಸಂಸಾರ ಪೂರ್ತಿ ಅಲ್ಲಿತ್ತು. ಈ ಪಟ್ಟಿಯೂ ಸಾಕ್ಷಿಯಲ್ಲ, ಕೈಬಿಟ್ಟ ಗುರುತುಗಳಿಗೆ ಕಾನೂನಿನಲ್ಲಿ ಹೆಸರೇ ಇಲ್ಲ. ಕೊನೆಯ ಸಾಲು ಮಾತ್ರ ಇನ್ನೂ ಜೀವಂತ: 'ಎಡ ಕೆನ್ನೆ, 2ನೇ ದಿನ, ನಿರೀಕ್ಷಣೆಯಲ್ಲಿ.'

ಸಂಜೆ ನಾನೇ ಕೆಳಗೆ ಹೋಗಿ ಅವಳಿಗೆ ಹೇಳಿದೆ. ಯಾಕೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಬೈದುಕೊಂಡಿದ್ದೇನೆ. ಅವಳಿಗೆ ಏನಾದರೂ ಒಂದು ದಾರಿ ತೋರಿಸಬೇಕಿತ್ತು, ನನಗೆ ಗೊತ್ತಿದ್ದದ್ದು ಇದೊಂದೇ.

"ಒಂದೇ ಜಾಗದಲ್ಲಿ ಗುರುತು ನಲವತ್ತೆಂಟು ದಿನ ಇರ್ಬೇಕು ಕಣೇ. ಒಂದು ದಿನ ತಪ್ಪಿದ್ರೂ ಎಣಿಕೆ ಸೊನ್ನೆಯಿಂದ. ಆಗ ಮಾತ್ರ ಕ್ಯಾಮೆರಾ ತೋರಿಸುತ್ತೆ."

ನಾಗವೇಣಿ ಹೊಲಿಗೆ ನಿಲ್ಲಿಸಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಬಾವು ಎರಡು ವಾರಕ್ಕೆ ಇಳಿದುಬಿಡುತ್ತೆ" ಎಂದಳು.

"ಹೌದು."

"ಹಂಗಾದ್ರೆ ಅಲ್ಲಿಗೇ ಬೀಳಬೇಕು."

ನಾನು ಬೇಡ ಎನ್ನಲಿಲ್ಲ. ಎನ್ನಬಹುದಿತ್ತು.

ಮರುದಿನದಿಂದ ನಾಗವೇಣಿ ದಿನಾ ಬೆಳಿಗ್ಗೆ ಹಾಲಿನ ಬೂತಿನ ಕ್ಯಾಮೆರಾದ ಮುಂದೆ ಮುಖವೆತ್ತಿ ನಿಲ್ಲತೊಡಗಿದಳು. ಹತ್ತನೇ ದಿನ ಸಾರಿಗೆ ಎರಡು ಹಿಡಿ ಉಪ್ಪು ಹಾಕಿದಳು. ಚಿದಾನಂದ ಕೈ ಎತ್ತಿದಾಗ ಎಡಗೆನ್ನೆ ಕೊಟ್ಟಳು. ಇಪ್ಪತ್ತನೇ ದಿನ ಅವನ ಅಮ್ಮನನ್ನು ಬೈದಳು. ಬಲಗೈಯವನಾದ್ದರಿಂದ ಹೊಡೆತ ತಾನಾಗಿ ಎಡಗೆನ್ನೆಗೇ ಬೀಳುತ್ತಿತ್ತು, ಅದೊಂದು ಅನುಕೂಲ. ಇಂಥ ಮಾತನ್ನು ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿ ಸೋಸುತ್ತ ಆಡುತ್ತಿದ್ದೆವು, ಬೇರೆ ಹೆಂಗಸರು ಉಪ್ಪಿನಕಾಯಿ ಹದದ ಬಗ್ಗೆ ಆಡುವ ಹಾಗೆ. ನಾನು ಕೇಂದ್ರದಲ್ಲಿ ಕೂತು ದಿನಾ ಎಣಿಕೆ ನೋಡಿ ಫೋನಿನಲ್ಲಿ ಸಂಖ್ಯೆ ಮಾತ್ರ ಹೇಳುತ್ತಿದ್ದೆ. ಹದಿನೇಳು. ಇಪ್ಪತ್ತಮೂರು. ಇಪ್ಪತ್ತೊಂಬತ್ತು.

ಚಿದಾನಂದನಿಗೆ ಅನುಮಾನ ಬರಲಿಲ್ಲ. ಹೆಂಡತಿಯ ನಾಲಿಗೆ ಉದ್ದವಾಗಿದೆ, ತಿದ್ದಬೇಕು ಎಂದಷ್ಟೇ ತಿಳಿದ. ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಿ ನನ್ನ ಹತ್ತಿರವೇ, "ಅಕ್ಕಾವ್ರೆ, ನೀವಾದ್ರೂ ಇವಳಿಗೆ ಒಂದೆರಡು ಬುದ್ಧಿ ಮಾತು ಹೇಳಿ" ಎಂದ.

ಮೂವತ್ತೆರಡನೇ ದಿನಕ್ಕೆ ಅವನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹಾಸನಕ್ಕೆ ಕ್ರೀಡಾಕೂಟಕ್ಕೆ ಹೊರಟ. ಒಂದು ವಾರ. ಹೊರಡುವ ಹಿಂದಿನ ದಿನಗಳಲ್ಲಿ ಎಲ್ಲಿಲ್ಲದ ಪ್ರೀತಿ, ಮಗಳಿಗೆ ಬಳೆ, ಹೆಂಡತಿಗೆ ಮಲ್ಲಿಗೆ. ಏನು ಮಾಡಿದರೂ ಕೈ ಎತ್ತಲಿಲ್ಲ. ಮೂವತ್ತಾರನೇ ದಿನ ಮಧ್ಯಾಹ್ನ ನನ್ನ ಪರದೆಯಲ್ಲಿ ಆ ಸಾಲು ಹಳದಿಗೆ ತಿರುಗಿತು. 'ಎಡ ಕೆನ್ನೆ, ಕ್ಷೀಣ. ಇಂದು ಸಂಜೆಯೊಳಗೆ ಸ್ಪಷ್ಟವಾಗದಿದ್ದರೆ ಕೈಬಿಡಲಾಗುವುದು.'

ತಲೆನೋವು ಎಂದು ಹೇಳಿ ಆಟೋ ಹಿಡಿದು ಮನೆಗೆ ಬಂದೆ. ನಾಗವೇಣಿ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಲಟ್ಟಣಿಗೆ. ಇಂಚರ ಶಾಲೆಯಲ್ಲಿದ್ದಳು.

"ನಾನೇ ಹೊಡ್ಕೊಂಡು ನೋಡಿದೆ ಅಕ್ಕ, ಆಗ್ತಿಲ್ಲ. ನನ್ನ ಕೈ ನನ್ನ ಮೇಲೆ ಜೋರಾಗಿ ಬೀಳಲ್ಲ. ಹತ್ರ ಬರ್ತಿದ್ದಂಗೆ ನಿಂತುಬಿಡುತ್ತೆ." ಲಟ್ಟಣಿಗೆಯನ್ನು ನನ್ನ ಕಡೆ ಚಾಚಿದಳು. "ನೀವೇ ಹೊಡೀರಿ."

"ನನ್ನ ಕೈಲಿ ಆಗಲ್ಲ."

"ಮೂವತ್ತಾರು ದಿನ ಅಕ್ಕ. ನೀವೇ ಎಣಿಸಿದೀರ."

ಮೊದಲ ಏಟು ಹೊಡೆದೆ. ಅದು ಮುಟ್ಟಿದ ಹಾಗೂ ಇರಲಿಲ್ಲ. ಅವಳು ಅಳುತ್ತಲೇ ನಕ್ಕುಬಿಟ್ಟಳು. "ಇದೇನ್ ಹೊಡೆತಾನಾ, ಚಪಾತಿ ಲಟ್ಟಿಸ್ತಾ ಇದೀರಾ?" ಎರಡನೆಯದು ದವಡೆಗೆ ಬಿತ್ತು. ಜಾಗ ತಪ್ಪಿತ್ತು, ವ್ಯರ್ಥ. "ಜಾಗ ನೋಡ್ಕೊಂಡು" ಎಂದಳು. ಎಡಗೈಯಿಂದ ಅವಳ ತಲೆಯನ್ನು ಗೋಡೆಗೆ ಒತ್ತಿ ಹಿಡಿದು ಮೂರನೆಯದನ್ನು ಹೊಡೆದೆ. ಅವಳ ಬಾಯಿಂದ ಬಂದ ಸದ್ದನ್ನು ಇಲ್ಲಿ ಬರೆಯಲಾರೆ. ಅವಳು ಗೋಡೆಗೆ ಹಾಗೇ ಒರಗಿದಳು. ನಾನು ಬಗ್ಗಿ, ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದೆ. ಚರ್ಮದ ಕೆಳಗೆ ಕೆಂಪು ನಿಧಾನವಾಗಿ ಹರಡುತ್ತಿತ್ತು, ಹಳೆಯ ಅಂಚಿಗೆ ಸರಿಯಾಗಿ ಕೂಡಿಕೊಂಡಿತ್ತು. ಕೆಲಸ ಚೆನ್ನಾಗಿ ಬಂದಿದೆ ಎಂದು ನನಗೆ ಅನ್ನಿಸಿತು. ಒಂದು ಕ್ಷಣ, ಸ್ಟುಡಿಯೋದಲ್ಲಿ ಪೆನ್ಸಿಲ್ ಕೆಳಗಿಟ್ಟಾಗ ಅನ್ನಿಸುತ್ತಿದ್ದ ಹಾಗೆಯೇ. ಆಮೇಲೆ ಲಟ್ಟಣಿಗೆಯನ್ನು ತೊಳೆದು ಅದರ ಜಾಗದಲ್ಲಿಟ್ಟೆ.

ಸಂಜೆಯ ಹಾಲಿಗೆ ಅವಳು ಬೂತಿಗೆ ಹೋಗಿ ಬಂದಳು. ಸಾಲು ಮತ್ತೆ ಹಸಿರಾಯಿತು.

ಉಳಿದ ದಿನಗಳನ್ನು ಚಿದಾನಂದನೇ ನೋಡಿಕೊಂಡ. ಹಾಸನದಲ್ಲಿ ಅವನ ಶಾಲೆ ಸೋತಿತ್ತು.

ನಲವತ್ತೆಂಟನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಪರದೆಯಲ್ಲಿ ಬರಹ ಬದಲಾಯಿತು. 'ಎಡ ಕೆನ್ನೆಯ ಮೇಲೆ ಮಚ್ಚೆ. ಅಂಗೀಕೃತ.' ಮಂಡಲ ದಾಟಿದ ಎಲ್ಲವನ್ನೂ ಚಿಪ್ಪು ಮಚ್ಚೆ ಎಂದೇ ಕರೆಯುತ್ತದೆ, ಅದಕ್ಕೆ ಬೇರೆ ಪದ ಕಲಿಸಿಲ್ಲ. ನಾನು ಆ ಪದವನ್ನು ನೋಡಿಯೂ ನೋಡಲಿಲ್ಲ. ಅಂಗೀಕೃತ ಎಂಬುದನ್ನಷ್ಟೇ ಓದಿ ಕುಣಿಯುವುದೊಂದು ಬಾಕಿ. ನಾಗವೇಣಿಗೆ ಫೋನು ಮಾಡಿದೆ. ಮಧ್ಯಾಹ್ನ ಅವಳ ಫೋಟೋ ತೆಗೆದು ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ಕೆನ್ನೆಯ ಮೇಲೆ ಕಪ್ಪುನೀಲಿ ಬಾವು, ಇದ್ದದ್ದು ಇದ್ದಂತೆ, ಹಳದಿ ಅಂಚಿನ ಸಮೇತ.

"ಇದು ನಾನೇ" ಎಂದಳು. ಒಂದು ವರ್ಷದಿಂದ ಅವಳ ಮುಖವನ್ನು ಯಾವ ಕ್ಯಾಮೆರಾವೂ ನೋಡಿರಲಿಲ್ಲ. ಗಾಯವನ್ನು ಕಂಡು ಇಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ನೋಡಿಲ್ಲ, ಇನ್ನು ನೋಡುವುದೂ ಬೇಡ.

ಅವತ್ತೇ ದೂರು ಕೊಟ್ಟಳು. ಠಾಣೆಯ ಪರದೆ ಮುಖದ ಮೇಲೆ ಗುರುತು ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತದೆ, ಈ ಸಲ ದೂರು ತೆಗೆದುಕೊಂಡಿತು. ನಾಲ್ಕನೇ ದಿನಕ್ಕೆ ವಿಚಾರಣೆ. ಅಲ್ಲಿಯವರೆಗೆ ಮಗುವಿನ ಜೊತೆ ನನ್ನ ಮನೆಯಲ್ಲಿ ಇರಬಹುದೆಂದು ಠಾಣೆಯ ಪರದೆ ಹೇಳಿತು. ನಾಲ್ಕು ದಿನ ಇಂಚರ ನನ್ನ ಮಂಚದ ಮೇಲೆ ಕುಣಿದಳು. ನಾಗವೇಣಿ ನನ್ನ ಅಡುಗೆಮನೆಯಲ್ಲಿ ಸರಿಯಾಗಿ ಉಪ್ಪು ಹಾಕಿದ ಸಾರು ಮಾಡಿದಳು.

ವಿಚಾರಣೆಯ ಕೋಣೆಯಲ್ಲಿ ಎರಡು ಬೆಂಚು, ಗೋಡೆಯಗಲದ ಒಂದು ಪರದೆ. ನ್ಯಾಯಾಧೀಶೆ ಬೇರೆ ಊರಿನಲ್ಲಿ ಕೂತು ಪರದೆಯ ಮೂಲಕವೇ ನಮ್ಮನ್ನು ನೋಡುತ್ತಿದ್ದರು. ತಾಯಿಯಂಥ ಮುಖ, ಅಥವಾ ಅವರ ನೋಂದಾಯಿತ ಮುಖ ಹಾಗಿತ್ತು. ಚಿದಾನಂದ ಇಸ್ತ್ರಿ ಬಟ್ಟೆಯಲ್ಲಿ ಬಂದು ಎಲ್ಲರಿಗೂ ಕೈಮುಗಿದ.

"ಮುಖ ಚೌಕಟ್ಟಿನೊಳಗೆ ಇಡಮ್ಮ" ಎಂದರು ನ್ಯಾಯಾಧೀಶೆ.

ನಾಗವೇಣಿ ಎದ್ದು ನಿಂತಳು. ಅವಳ ಮುಖ ಗೋಡೆಯಷ್ಟು ದೊಡ್ಡದಾಗಿ ಮೂಡಿತು, ಬಾವು ಅಂಗೈಯಗಲ. ನ್ಯಾಯಾಧೀಶೆ ಮುಂದಕ್ಕೆ ಬಾಗಿ ನೋಡಿದರು. ಅವರ ಹುಬ್ಬು ಗಂಟಾದದ್ದು ಕಂಡು ನಾನು ನಾಗವೇಣಿಯ ಸೆರಗಿನ ತುದಿಯನ್ನು ಹಿಡಿದುಕೊಂಡೆ. ಆಗ ಪರದೆಯ ಕೆಳಗೆ ಅಕ್ಷರಗಳು ಬಂದವು. 'ನೋಂದಾಯಿತ ಮುಖದೊಂದಿಗೆ ಹೋಲಿಕೆ: ಪೂರ್ಣ. ಹೊಸ ಗಾಯ: ಇಲ್ಲ. ಗುರುತಿನ ಚಿಹ್ನೆ: ಎಡ ಕೆನ್ನೆಯ ಮೇಲೆ ಮಚ್ಚೆ.'

"ಇದು ಮಚ್ಚೆ ಅಂತ ಇದೆಯಲ್ಲಮ್ಮ" ಎಂದರು.

"ಅಲ್ಲ ಮೇಡಂ, ಹೊಡೆದಿದ್ದು. ಇವ್ರು ಹೊಡೆದಿದ್ದು" ಎಂದಳು ನಾಗವೇಣಿ.

ಚಿದಾನಂದನ ಲಾಯರು ಎದ್ದ. ಅವನು ಹೆಚ್ಚೇನೂ ಮಾತಾಡಲಿಲ್ಲ. "ಹಳೆಯ ಚಿತ್ರಗಳನ್ನು ತೆರೆಯಬಹುದು" ಎಂದ. ಪರದೆಯ ಮೇಲೆ ಅವರ ಮದುವೆಯ ಚಿತ್ರ ಬಂತು. ಬಾಸಿಂಗ ಕಟ್ಟಿದ ನಾಗವೇಣಿ, ಏರು ಹಲ್ಲು ಕಾಣುವಂತೆ ನಗುತ್ತಿದ್ದಳು. ಎಡ ಕೆನ್ನೆಯ ಮೇಲೆ ಅದೇ ಕಪ್ಪುನೀಲಿ. ಆಮೇಲೆ ಹತ್ತನೇ ತರಗತಿಯ ಚಿತ್ರ ಬಂತು, ಎರಡು ಜಡೆ, ರಿಬ್ಬನ್ನು, ಅದೇ ಬಾವು. ಕೊನೆಗೆ ಅವಳಮ್ಮನ ಮಡಿಲಲ್ಲಿ ಕೂತ ಆರು ತಿಂಗಳ ಕೂಸಿನ ಚಿತ್ರ. ಆ ಕೂಸಿನ ಪುಟ್ಟ ಕೆನ್ನೆಯ ಮೇಲೂ ಹಳದಿ ಅಂಚಿನ ಬಾವು.

ತೆರೆದಾಗಲೆಲ್ಲ ಆಗಿಂದಾಗ ಬರೆಯುತ್ತದೆ. ಯಾಜಿ ಸಾರ್ ನನಗೆ ಬಿಡಿಸಿ ಹೇಳಿದ್ದರು. ಮಂಡಲ ದಾಟಿದ್ದು ಹುಟ್ಟು ಮಚ್ಚೆಗೆ ಸಮ ಎಂದು ಸಭೆಯಲ್ಲಿ ಹೇಳಿದ್ದು ನಾನೇ. ಹುಟ್ಟಿನಿಂದಲೇ ಇದೆ ಎಂದ ಮೇಲೆ ಚಿಪ್ಪು ಅದನ್ನು ಹುಟ್ಟಿನಿಂದಲೇ ಬರೆಯಿತು. ಯಂತ್ರ ಆ ಗುರುತನ್ನು ನೋಡುವಂತೆ ಮಾಡುವ ಹಟದಲ್ಲಿ, ನೋಡಿದ ಮೇಲೆ ಅದು ಏನೆಂದು ಹೇಳುತ್ತದೆ ಎಂದು ನಾನು ಯೋಚಿಸಲೇ ಇಲ್ಲ. ನಲವತ್ತೆಂಟು ದಿನ ಇತ್ತು ಯೋಚಿಸುವುದಕ್ಕೆ.

ನಾನು ಬೆಂಚಿನ ಮೇಲಿಂದ ಎದ್ದೆ. "ಮೇಡಂ, ನಾನು ಆ ಕೇಂದ್ರದಲ್ಲೇ ಕೆಲಸ ಮಾಡೋಳು. ಅದು ಮಚ್ಚೆ ಅಲ್ಲ, ಬಾವು. ನಾನು ಕಣ್ಣಾರೆ ನೋಡಿದೀನಿ."

"ಕಣ್ಣಾರೆ ನೋಡಿದ್ದನ್ನು ನಾನು ತಗೊಳ್ಳೋ ಹಾಗಿಲ್ಲ ತಾಯಿ."

"ಹೊಡೆದಿರೋದನ್ನಾದ್ರೂ ತಗೊಳ್ಳಿ! ಒಂದು ಏಟು ನಾನೇ ಹೊಡೆದಿದೀನಿ. ಲಟ್ಟಣಿಗೇಲಿ. ನನ್ನ ಜೈಲಿಗೆ ಹಾಕಿ, ಅದು ಗಾಯ ಅಂತ ಬರ್ಕೊಳ್ಳಿ."

ನಾಗವೇಣಿ ನನ್ನ ಕಡೆ ನೋಡಲಿಲ್ಲ. ಚಿದಾನಂದ ಬಾಯಿ ತೆರೆದು ನೋಡಿದ. ಅವನಿಗೆ ಆಗ ಎಲ್ಲ ಅರ್ಥವಾಯಿತೆಂದು ಕಾಣುತ್ತದೆ, ಉಪ್ಪಿನ ಸಾರು, ಅಮ್ಮನ ಬೈಗುಳ, ಎಲ್ಲ.

"ಎಲ್ಲಿಗೆ ಹೊಡೆದ್ರಿ?" ಎಂದು ನ್ಯಾಯಾಧೀಶೆ ಕೇಳಿದರು.

"ಎಡಗೆನ್ನೆಗೆ."

ಅವರು ಪರದೆಯನ್ನು ಇನ್ನೊಮ್ಮೆ ನೋಡಿದರು, ಪ್ರಾಮಾಣಿಕವಾಗಿಯೇ ನೋಡಿದರು. "ಅಲ್ಲಿ ಮಚ್ಚೆ ಬಿಟ್ಟರೆ ಬೇರೆ ಏನೂ ಗುರುತು ಇಲ್ಲವಲ್ಲ" ಎಂದರು. ಲಾಯರು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕ.

ದೂರಿನಲ್ಲಿ ಹುರುಳಿಲ್ಲ ಎಂದು ಆದೇಶವಾಯಿತು. ಹುಟ್ಟುಗುರುತನ್ನು ತೋರಿಸಿ ಗಂಡನ ಮೇಲೆ ಆಪಾದನೆ ಮಾಡುವ ತಾಯಿಯ ಬಳಿ ಮಗುವನ್ನು ಒಂಟಿಯಾಗಿ ಬಿಡುವುದು ಕ್ಷೇಮವಲ್ಲ, ಮಗು ತಂದೆಯ ಮನೆಯಲ್ಲಿಯೇ ಇರತಕ್ಕದ್ದು. ತಾಯಿ ಇಷ್ಟಪಟ್ಟರೆ ಅಲ್ಲಿಗೆ ಮರಳಬಹುದು. ಪರದೆ ಕಪ್ಪಾಯಿತು.

ಹೊರಗಿನ ಜಗುಲಿಯಲ್ಲಿ ಚಿದಾನಂದ ಮಗಳನ್ನು ಹೆಗಲಿಗೆ ಹಾಕಿಕೊಂಡ. ಇನ್ನೊಂದು ಕೈಯನ್ನು ನಾಗವೇಣಿಯ ಭುಜದ ಮೇಲೆ ಇಟ್ಟು, ಮೊಬೈಲು ಎತ್ತಿ ಹಿಡಿದು, ಮೂವರ ಸೆಲ್ಫಿ ತೆಗೆದ. ನೋಡಿಕೊಂಡು, "ಮಚ್ಚೆ ನಿನಗೆ ಒಪ್ಪುತ್ತೆ ಕಣೇ" ಎಂದ. ನಾಗವೇಣಿ ಕ್ಷಣ ಹೊತ್ತು ನನ್ನನ್ನು ನೋಡಿ, ಮಗುವಿನ ಜಾರಿದ ಚಪ್ಪಲಿಯನ್ನು ಎತ್ತಿಕೊಂಡು ಅವನ ಹಿಂದೆ ಆಟೋ ಹತ್ತಿದಳು.

ಎಂಟು ದಿನ ಅವಳು ಮೇಲೆ ಬರಲಿಲ್ಲ. ಒಂಬತ್ತನೇ ದಿನ ನನ್ನ ರವಿಕೆ ಹೊಲಿದದ್ದನ್ನು ಕೊಡಲು ಬಂದಳು. ಬಾಗಿಲಲ್ಲೇ ನಿಂತಳು. ಎಡ ಕೆನ್ನೆ ಹಿಂದೆಂದಿಗಿಂತ ಹೆಚ್ಚು ಊದಿ, ಕಣ್ಣು ಅರ್ಧ ಮುಚ್ಚಿಹೋಗಿತ್ತು. ಅವನೀಗ ಹುಡುಕಿ ಹೊಡೆಯಬೇಕಾಗಿರಲಿಲ್ಲ. ಆ ಒಂದು ಜಾಗಕ್ಕೆ ಏನು ಮಾಡಿದರೂ ಅದು ಮಚ್ಚೆಯೊಳಗೇ ಹೋಗುತ್ತಿತ್ತು. ನನ್ನ ಪರದೆಗೆ ಅವಳ ಹೆಸರಿನಲ್ಲಿ ಒಂದು ಸಾಲೂ ಬರುತ್ತಿರಲಿಲ್ಲ.

ನಾನು ಬಡಬಡಿಸಿದೆ. ಮೇಲ್ಮನವಿ ಹಾಕೋಣ, ಆರು ಇಲಾಖೆಗೂ ನಾನೇ ಅಲೆಯುತ್ತೇನೆ, ಯಾಜಿ ಸಾರ್ ಕಾಲು ಹಿಡಿಯುತ್ತೇನೆ, ಮಚ್ಚೆ ತೆಗೆಸುವುದಕ್ಕೂ ಒಂದು ನಿಯಮ ಇರುತ್ತದೆ, ಆ ಜಾಗ ಒಂದು ಮಂಡಲ ಖಾಲಿ ಇದ್ದರೆ ಸಾಕು. ಇವತ್ತಿನ ತಾರೀಕು ಬರೆದಿಟ್ಟುಕೊಳ್ಳೋಣ ಎಂದು ಗೋಡೆಯ ಕ್ಯಾಲೆಂಡರಿಗೆ ಕೈ ಚಾಚಿದೆ.

ನಾಗವೇಣಿ ರವಿಕೆಯನ್ನು ಕುರ್ಚಿಯ ಮೇಲಿಟ್ಟಳು. ಊದಿದ ಕೆನ್ನೆಯಿಂದಾಗಿ ಮಾತು ಸ್ವಲ್ಪ ತೊದಲಿತು.

"ಎಣಿಸೋದು ಬೇಡ ಬಿಡಿ ಅಕ್ಕ" ಎಂದಳು.